ಪಾಯಿಖಾನೆಗೆ ಕಟ್ಟಿದ ಹಗ್ಗ

ಕಳೆದ ದಸರಾ ರಜೆಗೆ ಬಂದಿದ್ದಾಗ ಚಿನ್ಮಯಿ ಹಿತ್ತಿಲಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದಳು. ತಂತಿ ತುಂಬಿ ಎರಡು ಟವೆಲು ಉಳಿದವು. ಹಿತ್ತಿಲ ಜಗುಲಿಯ ಕಂಬದಿಂದ ಪಾಯಿಖಾನೆಯ ಬಾಗಿಲವರೆಗೆ ಸೊಂಟದೆತ್ತರಕ್ಕೆ ಕಟ್ಟಿರುವ ನೀಲಿ ಹಗ್ಗ ಅವಳ ಕಣ್ಣಿಗೆ ಬಿತ್ತು. "ಅಜ್ಜಿ, ಇದನ್ನ ಯಾರೂ ಹಿಡಿಯಲ್ಲ. ಬಿಚ್ಚಿ ಆ ಕಡೆ ಕಟ್ಟಲಾ?" ಎಂದು ಕೇಳುತ್ತಲೇ ಗಂಟಿಗೆ ಕೈ ಹಾಕಿದಳು. ಒಲೆಯ ಮುಂದೆ ಹಾಲು ಕಾಯುತ್ತ ನಿಂತಿದ್ದ ನಾನು ಹಾಲನ್ನು ಅದರ ಪಾಡಿಗೆ ಬಿಟ್ಟು ಓಡಿಬಂದೆ. "ಮುಟ್ಟಬ್ಯಾಡ" ಎಂದೆ. ಹಾಗೆ ಜೋರಾಗಿ ಹೇಳಿದ್ದು ನನಗೇ ಆಶ್ಚರ್ಯ. ಒಳಗೆ ಹಾಲು ಉಕ್ಕಿತು. ನನ್ನ ಮಗ ಮಂಜುವಿನ ಮಕ್ಕಳು ಸಿಂಚನಾ, ಸ್ಫೂರ್ತಿ ಇಬ್ಬರೂ ಆಟ ಬಿಟ್ಟು ಬಂದು, ಅಜ್ಜಿಗೆ ಇಷ್ಟು ದೊಡ್ಡ ದನಿ ಐತಾ ಎಂಬಂತೆ ನೋಡಿದರು.

ಯಾಕೆ ಎಂದು ಮೂವರೂ ಕೇಳಿದಿರಿ. ಆಮೇಲೆ ಹೇಳ್ತೀನಿ ಎಂದೆ. ನಾನು ಆಮೇಲೆ ಎಂದರೆ ಅದು ಬರುವುದಿಲ್ಲ ಎಂಬುದು ನಿಮಗೆ ಗೊತ್ತು. ಬಾಯಿಂದ ಆಗದ್ದು ಕೈಯಿಂದ ಆದೀತೆಂದು ಸಿಂಚನಾಳ ಹಳೆಯ ನೋಟ್ ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಓದಿದ ಕೈ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೊಗಳುತ್ತಿದ್ದರು. ಅವರು ಹೊಗಳಿದಾಗಲೂ ನಾನು ಬೆಂಚಿನ ಕೆಳಗೆ ಬಗ್ಗಿ ಬಳಪ ಹುಡುಕಿದಂತೆ ಮಾಡುತ್ತಿದ್ದೆ.

ಬರೆಯಬೇಕಾಗಿರುವುದು ಪಾಯಿಖಾನೆಯ ವಿಷಯ. ಈ ಒಂದು ಶಬ್ದ ಬರೆಯಲು ನನಗೆ ಎರಡು ದಿನ ಹಿಡಿಯಿತು. ನಮ್ಮ ಕಾಲದಲ್ಲಿ ಹೆಂಗಸರು "ಹೊರಗೆ ಹೋಗಿ ಬರ್ತೀನಿ" ಎನ್ನುತ್ತಿದ್ದೆವು, ಅಷ್ಟೆ. ನಾನು ಅಷ್ಟನ್ನೂ ಹೇಳದೆ, ಚಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾರಾದರೂ ಎದುರಾದರೆ ತುಳಸಿಗೆ ನೀರು ಹಾಕಲು ಬಂದವಳಂತೆ ನಿಲ್ಲುತ್ತಿದ್ದೆ. ಹಾಗಾಗಿ ನಮ್ಮ ತುಳಸಿ ಎರಡು ಸಲ ಕೊಳೆತು ಸತ್ತಿತು.

ನನ್ನ ತವರು ಜಗಳೂರು ಕಡೆಯ ಒಂದು ಸಣ್ಣ ಊರು. ಅಲ್ಲಿನ ನೆಲ ಎಂದರೆ ಒಂದು ಗೇಣು ಮಣ್ಣು, ಅದರ ಕೆಳಗೆ ಬಂಡೆ. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಬೇಲಿಯ ಗೂಟವನ್ನೂ ನೆಡಲಾಗದೆ ಕಲ್ಲು ಪೇರಿಸಿ ಅದರ ನಡುವೆ ನಿಲ್ಲಿಸುತ್ತಿದ್ದರು. ಅಂಥ ಊರಲ್ಲಿ, ಯಾರ ಮನೆಯಲ್ಲೂ ಇಲ್ಲದ ಕಾಲಕ್ಕೆ, ನಮ್ಮ ಮನೆಯಲ್ಲಿ ಪಾಯಿಖಾನೆ ಇತ್ತು. ಅದಕ್ಕೆ ಕಾರಣ ಗೌರತ್ತೆ.

ಗೌರತ್ತೆ ನನ್ನ ಅಪ್ಪನ ಅಕ್ಕ. ಸಣ್ಣವಳಿದ್ದಾಗಲೇ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಇದ್ದಳು. ಹೆಜ್ಜೆಯ ಸದ್ದಿನಿಂದ ಮನುಷ್ಯರನ್ನು ಗುರುತಿಸುತ್ತಿದ್ದಳು. "ಮೇಷ್ಟ್ರು ಬಂದ್ರು, ಇವತ್ತು ಎಡಗಾಲಿನ ಚಪ್ಪಲಿ ಉಂಗುಷ್ಠ ಕಿತ್ತೈತೆ" ಎಂದು ಅವಳು ಹೇಳಿದರೆ ಕಿತ್ತೇ ಇರುತ್ತಿತ್ತು. ಅವ್ವನೋ ನಾನೋ ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಬೇಕಿತ್ತು. ಅದು ಅವಳಿಗೆ ಇಷ್ಟವಿರಲಿಲ್ಲ. ಒಂದು ಮುಂಜಾನೆ ಯಾರನ್ನೂ ಎಬ್ಬಿಸದೆ ಒಬ್ಬಳೇ ಹೋಗಿ, ದಿಕ್ಕು ತಪ್ಪಿ ಜಾಲಿಯ ಪೊದೆಯೊಳಗೆ ಬಿದ್ದಳು. ಅಪ್ಪ ಹುಡುಕಿ ಎತ್ತಿಕೊಂಡು ಬಂದ. ಅವ್ವ ಮಧ್ಯಾಹ್ನದವರೆಗೆ ಮುಳ್ಳು ತೆಗೆದಳು. ಅತ್ತೆ ಅಳಲಿಲ್ಲ. "ಕಣ್ಣು ಹೋದ್ರೂ ಮಾನ ಹೋಗಿಲ್ಲ ಕಣೋ. ನನಗೊಂದು ಮರೆ ಮಾಡಿಕೊಡು" ಎಂದು ಅಪ್ಪನಿಗೆ ಹೇಳಿದಳು.

ಅಪ್ಪ ಗುಂಡಿ ತೋಡಲು ಹೋದ. ಮೂರು ಹಾರೆ ಮೊಂಡಾದವು. ನಾಲ್ಕನೆಯ ದಿನ ಹಾರೆ ಎಸೆದು, ಬಂಡೆಯ ಮೇಲೆ ಕೂತು ಬೀಡಿ ಸೇದಿದ. ಮರುದಿನದಿಂದ ಕೆಳಗೆ ತೋಡುವುದನ್ನು ಬಿಟ್ಟು ಮೇಲೆ ಕಟ್ಟತೊಡಗಿದ. ಎಲ್ಲೋ ಒಂದು ಶಿಬಿರದಲ್ಲಿ ಅಂಥದ್ದನ್ನು ನೋಡಿದ್ದನಂತೆ. ಬಂಡೆಯ ಮೇಲೆಯೇ ಚಪ್ಪಡಿ ಕಲ್ಲಿನ ಎರಡು ದೊಡ್ಡ ಪೆಟ್ಟಿಗೆ, ಅವುಗಳ ಮೇಲೆ ತಡಿಕೆಯ ಕೋಣೆ, ಹತ್ತಲು ಐದು ಮೆಟ್ಟಿಲು. ಒಂದು ವರ್ಷ ಒಂದು ಪೆಟ್ಟಿಗೆ, ಮರುವರ್ಷ ಇನ್ನೊಂದು. ಪ್ರತಿಸಲವೂ ಒಂದು ಬೊಗಸೆ ಒಲೆಯ ಬೂದಿ ಸುರಿಯಬೇಕು. ಮುಚ್ಚಿಟ್ಟ ಪೆಟ್ಟಿಗೆಯನ್ನು ವರ್ಷದ ಮೇಲೆ ತೆಗೆದರೆ ವಾಸನೆಯೇ ಇಲ್ಲದ ಪುಡಿಮಣ್ಣು. ನಮ್ಮ ನುಗ್ಗೆಮರ ಅದನ್ನೇ ಉಂಡು ಕಾಯಿ ಬಿಡುತ್ತಿತ್ತು. ಹಿಂಬಾಗಿಲಿನಿಂದ ಮೆಟ್ಟಿಲವರೆಗೆ ಅಪ್ಪ ಒಂದು ಪುಂಡಿನಾರಿನ ಹಗ್ಗ ಕಟ್ಟಿದ. ಅದನ್ನು ಹಿಡಿದು ಗೌರತ್ತೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. "ಊರಾಗೆ ಗೌಡ್ರೂ ಬಯಲಾಗೆ ಕೂತ್ಕಂತಾರೆ. ಸಿಂಹಾಸನ ಹತ್ತಾಕಿ ನಾನೊಬ್ಬಳೇ" ಎನ್ನುತ್ತಿದ್ದಳು.

ಅತ್ತೆಗೆ ಹೆಮ್ಮೆಯಾದದ್ದು ನನಗೆ ನಾಚಿಕೆಯಾಯಿತು. ದಿಬ್ಬದ ಮೇಲಿನ ನಮ್ಮ ಪಾಯಿಖಾನೆ ಶಾಲೆಯ ಅಂಗಳಕ್ಕೆ ಕಾಣುತ್ತಿತ್ತು. ಯಾರು ಹತ್ತಿದರು, ಯಾರು ಇಳಿದರು ಎಂಬುದು ಇಡೀ ಶಾಲೆಗೆ ಗೊತ್ತಾಗುತ್ತಿತ್ತು. ನನ್ನನ್ನು "ಅಟ್ಟದ ಹುಡುಗಿ" ಎಂದು ಕರೆಯುತ್ತಿದ್ದರು. ಮದುವೆಯಾಗಿ ಬೇರೆ ಊರಿಗೆ ಹೋದರೆ ಸಾಕು, ಈ ಅಟ್ಟದ ಹೆಸರು ಅಳಿಸಿಹೋಗುತ್ತದೆ ಎಂದುಕೊಂಡಿದ್ದೆ.

ಮದುವೆಯಾದ ಹೊಸತರಲ್ಲಿ ನಿಮ್ಮಜ್ಜ ನಮ್ಮ ಊರಿಗೆ ಬಂದರು. ಬೆಳಿಗ್ಗೆ ಅಪ್ಪ ಅಳಿಯನನ್ನು ಮರ್ಯಾದೆಯಿಂದ ಆ ಐದು ಮೆಟ್ಟಿಲ ಹತ್ತಿರ ಕರೆದೊಯ್ದ, ಬೂದಿಯ ಬುಟ್ಟಿಯನ್ನೂ ತೋರಿಸಿದ. ಇವರು ಇಳಿದು ಬಂದು, ಅಪ್ಪನ ಎದುರಿಗೆ ಏನೂ ಹೇಳದೆ, ನನ್ನ ಕಿವಿಯಲ್ಲಿ "ನಿಮ್ಮಪ್ಪ ಗೋಪುರ ಕಟ್ಟ್ಯಾನೆ. ಮ್ಯಾಲೊಂದು ಕಳಸ ಇಟ್ಟಿದ್ರೆ ಕೈ ಮುಗಿದು ಬರ್ತಿದ್ದೆ" ಎಂದರು. ನಗಿಸಲು ಹೇಳಿದ್ದು. ನಾನೂ ನಕ್ಕೆ. ಆದರೆ ಅವತ್ತಿನಿಂದ ಆ ಅಟ್ಟದ ಸುದ್ದಿಗೆ ಬೀಗ ಹಾಕಿದೆ. ಮೂವತ್ತು ವರ್ಷ ತೆಗೆಯಲಿಲ್ಲ.

ಈಗ ನಾವಿರುವ ಈ ಊರಿನ ಮಾತು. ಗೋವಿನಕೋವಿ ಇಲ್ಲಿಂದ ಸೈಕಲ್ ಹಾದಿ, ನ್ಯಾಮತಿಗೆ ಬಸ್ಸು. ನಮ್ಮ ಮನೆ ಊರ ಕೊನೆಗೆ, ತಗ್ಗಿನಲ್ಲಿ. ಹಿತ್ತಿಲ ಬೇಲಿ ದಾಟಿದರೆ ಭತ್ತದ ಗದ್ದೆ, ಗದ್ದೆಯ ಆಚೆ ನಾಲೆ. ಜಗಳೂರಿನ ಹುಡುಗಿಗೆ ಇದು ಸ್ವರ್ಗವೇ. ಮೊದಲ ವರ್ಷ ನಾಲೆಗೆ ನೀರು ಬಿಟ್ಟಾಗ ನಾನು ಪಾತ್ರೆ ತೊಳೆಯುವುದನ್ನೇ ಮರೆತು ನೋಡುತ್ತ ನಿಂತಿದ್ದೆನಂತೆ, ನಿಮ್ಮಜ್ಜನ ತಾಯಿ ಬಹಳ ದಿನ ಹೇಳಿ ನಗುತ್ತಿದ್ದರು. ಆ ನೀರು ನಾಲೆಯಲ್ಲಿ ಮಾತ್ರ ಹರಿಯುವುದಿಲ್ಲ, ನೆಲದೊಳಗೂ ಬರುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ನಾಲೆ ಬಂದ ಹದಿನೈದು ದಿನಕ್ಕೆ ಹಿತ್ತಿಲಲ್ಲಿ ಮೊಳಕೈ ಆಳ ಕೆದರಿದರೆ ನೀರು. ಆದ್ದರಿಂದಲೇ ಇಲ್ಲಿನ ಹಳೆಯ ಮನೆಗಳ ಜಗುಲಿ ಸೊಂಟದಷ್ಟು ಎತ್ತರ.

ಊರಲ್ಲಿ ಎಲ್ಲರೂ ಕಟ್ಟಿಸಿಕೊಳ್ಳುವಾಗ ನಿಮ್ಮಜ್ಜನೂ ಪಾಯಿಖಾನೆ ಕಟ್ಟಿಸಿದರು. ಈ ಕಡೆ ಗುಂಡಿ, ಬಾವಿ, ಪಾಯ, ಏನೇ ತೋಡುವುದಿದ್ದರೂ ನಾಲೆ ನಿಂತ ಬೇಸಿಗೆಯಲ್ಲೇ ತೋಡುವುದು ರೂಢಿ. ಆಗ ನೆಲ ಒಣಗಿರುತ್ತದೆ, ಕೆಲಸ ಸಲೀಸು, ಗದ್ದೆ ಕೆಲಸವೂ ಇರುವುದಿಲ್ಲ. ಇವರೂ ಬೇಸಿಗೆಯಲ್ಲೇ ತೋಡಿಸಿ ಐದು ಸಿಮೆಂಟ್ ರಿಂಗ್ ಇಳಿಸಿದರು. ತಳದಲ್ಲಿ ನಿಂತು "ನೋಡಿಲ್ಲಿ, ಧೂಳು ಹಾರ್ತೈತೆ" ಎಂದು ಕೂಗಿದರು. ನಾನು ಇಣುಕಿ ನೋಡಿ ತಲೆ ಆಡಿಸಿದೆ. ಕನ್ಯೆ ನೋಡಲು ಹೋದವರು ಸೀರೆ ಒಡವೆ ಹಾಕಿ ಕೂರಿಸಿದ ಹೊತ್ತಿನಲ್ಲಿ ಹುಡುಗಿಯನ್ನು ನೋಡಿ ಬರುತ್ತಾರಲ್ಲ, ನಾವೂ ನಮ್ಮ ನೆಲವನ್ನು ಹಾಗೆಯೇ ನೋಡಿದ್ದೆವು.

ಶ್ರಾವಣದಲ್ಲಿ ನಾಲೆ ಬಂತು. ಗುಂಡಿ ತುಂಬಿತು. ನಾವು ತುಂಬಿದ್ದಲ್ಲ, ನಾಲೆ ತುಂಬಿದ್ದು. ಸುರಿದ ನೀರು ಕೆಳಗಿಳಿಯದೆ ಕಾಲಬುಡದಲ್ಲೇ ನಿಂತು ನಮ್ಮನ್ನು ನೋಡುತ್ತಿತ್ತು. ಒಂದು ದಿನ ಅದರಲ್ಲಿ ಕಪ್ಪೆ ಬಂದು ಕೂತಿತ್ತು. ಇವರು ಮರುಬೇಸಿಗೆಯಲ್ಲಿ ಇನ್ನೆರಡು ರಿಂಗ್ ಇಳಿಸಿದರು. ಆಳ ಹೆಚ್ಚಿದಷ್ಟೂ ನೀರಿಗೆ ಮನೆ ದೊಡ್ಡದಾಯಿತು, ಅಷ್ಟೆ. ತಳದ ನೀರು ಹಿತ್ತಿಲ ಕೈಪಂಪಿನ ಕಡೆಗೂ ಹೋಗುತ್ತಿತ್ತೇನೋ, ಮಳೆಗಾಲದಲ್ಲಿ ಮನೆಯಲ್ಲಿ ಯಾರಿಗಾದರೂ ಭೇದಿ ಇದ್ದೇ ಇರುತ್ತಿತ್ತು.

ನಾಲೆ ಇರುವ ಆ ನಾಲ್ಕು ತಿಂಗಳು ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಮಧ್ಯಾಹ್ನದ ಊಟದ ಮೇಲೆ ಒಂದು ಲೋಟ, ಸಂಜೆಯ ಮೇಲೆ ಇಲ್ಲ. ಕೂತಲ್ಲಿಂದ ಕಣ್ಣಿಗೆ ಕಾಣುವಷ್ಟು ನೀರು ಹರಿಯುವ ಊರಲ್ಲಿ ಜಗಳೂರಿನವಳು ಬಾಯಾರಿ ಮಲಗುತ್ತಿದ್ದೆ. ಅಪ್ಪನ ಅಟ್ಟ ನೆನಪಾಗುತ್ತಿತ್ತು. ಇವರಿಗೆ ಹೇಳಲೇ ಎಂದು ಎಷ್ಟೋ ಸಲ ತಟ್ಟೆಗೆ ಅನ್ನ ಬಡಿಸುತ್ತ ಬಾಯಿ ತೆರೆದಿದ್ದೇನೆ. ಗೋಪುರ, ಕಳಸ ನೆನಪಾಗಿ "ಸಾರು ಹಾಕ್ಲಾ" ಎಂದು ಕೇಳುತ್ತಿದ್ದೆ. ಅವರು ಒಳ್ಳೆಯವರು. ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಕೇಳದೆ ಹೋದವರ ಮೇಲೆ ತಪ್ಪು ಹೊರಿಸಬಹುದು, ಹೇಳದವಳು ಯಾರ ಮೇಲೆ ಹೊರಿಸಲಿ. ಅವರು ಎದೆನೋವು ಬಂದು ಒಂದೇ ದಿನದಲ್ಲಿ ಹೋದರು. ಆ ಏಳು ರಿಂಗುಗಳು ಉಳಿದವು.

ಆಮೇಲೆ ಮಂಜು ಒಂದು ಉಪಾಯ ಮಾಡಿದ. ರಿಂಗ್ ಗುಂಡಿ ಬೇಡವೆಂದು, ಒಂದು ಹನಿ ನೀರೂ ಒಳಗೆ ಬಾರದಂಥ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ತಂದು ಹೂಳಿಸಿದ. ಬೇಸಿಗೆಯಲ್ಲೇ, ಇನ್ನೇನು. ಒಂದು ವರ್ಷ ಚೆನ್ನಾಗಿತ್ತು. ಮರುವರ್ಷ ನಾಲೆ ತುಂಬಿದ್ದಾಗ ಟ್ಯಾಂಕ್ ತುಂಬಿತೆಂದು ಹೀರುವ ಗಾಡಿ ಕರೆಸಿ ಖಾಲಿ ಮಾಡಿಸಿದ. ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಿಲಲ್ಲಿ ನೆಲ ಸೀಳಿಕೊಂಡು ಕಪ್ಪು ಬೆನ್ನೊಂದು ಮೇಲೆ ಬಂದಿತ್ತು. ಕೆರೆಯಲ್ಲಿ ಎಮ್ಮೆ ಎದ್ದಂತೆ. ಖಾಲಿ ಕೊಡವನ್ನು ಬಾವಿಯಲ್ಲಿ ಮುಳುಗಿಸಿದರೆ ಅದು ಮೇಲೆ ಬರುವುದಿಲ್ಲವೇ, ಹಾಗೆ. ಪೈಪು ಮುರಿದಿತ್ತು, ಪಾಯಿಖಾನೆಯ ಗೋಡೆ ಬಿರುಕು ಬಿಟ್ಟಿತ್ತು. ಪಕ್ಕದ ಮನೆಯ ರುದ್ರಮ್ಮ ಬೇಲಿಯಿಂದ ನೋಡಿ, "ಏನೋ ಮಂಜು, ಎಮ್ಮೆ ಹಾಲು ಕೊಡ್ತೈತಾ?" ಎಂದಳು. ಮಂಜು ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ. ಮತ್ತೆ ಹಳೆಯ ರಿಂಗ್ ಗುಂಡಿಗೇ ಪೈಪು ಸೇರಿಸಿದ.

ಅದೇ ವರ್ಷ ನನ್ನ ಮಗಳು ಶೋಭಾ ಬಸುರಿಯಾಗಿದ್ದಳು. ಚಿನ್ಮಯಿ, ನೀನು ಅವಳ ಹೊಟ್ಟೆಯಲ್ಲಿದ್ದೆ.

ಗಣೇಶನ ಹಬ್ಬದ ನಂತರ ಚನ್ನಗಿರಿಗೆ ಹೋಗಿ ಅವಳಿಗೆ ಕುಬುಸ ಮಾಡಿದೆವು. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಕರೆದುಕೊಂಡು ಬಂದೆವು. ಬಿಟ್ಟು ಹೋಗಲು ನಿನ್ನ ಅಪ್ಪನ ತಾಯಿ ಶಿವಗಂಗಮ್ಮನವರೂ ಜೊತೆಗೆ ಬಂದರು. ಬೆಳಿಗ್ಗೆ ಅವರು ಹಿತ್ತಿಲಿಗೆ ಹೋದರು. ನಾನು ಒಳಗೆ ಶಾವಿಗೆ ಬಸಿಯುತ್ತ, ಶಿವನೇ ಇವತ್ತೊಂದು ದಿನ ಮಾನ ಕಾಯಿ ಎಂದುಕೊಳ್ಳುತ್ತಿದ್ದೆ. ಶಿವನಿಗೆ ಅವತ್ತು ಬೇರೆ ಕೆಲಸವಿತ್ತು. ಅವರು ಸೀರೆಯ ಅಂಚು ಎತ್ತಿ ಹಿಡಿದುಕೊಂಡು ಹೊರಬಂದು, ಕೈಕಾಲು ತೊಳೆದರು, ಇನ್ನೊಮ್ಮೆ ತೊಳೆದರು. ಶಾವಿಗೆ ತಿಂದು, ಚಹಾ ಕುಡಿದು, ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು.

"ತಪ್ಪು ತಿಳ್ಕಾಬ್ಯಾಡ್ರಿ ಅಕ್ಕಾರೆ. ಬಾಣಂತನ ನಮ್ಮಲ್ಲೇ ಆಗ್ಲಿ. ಹಸಿ ಮೈ, ಕೂಸು ಬ್ಯಾರೆ. ಈ ನೀರಾಗೆ ಹೆಂಗ್ರೀ?"

ನಾನು ಲೋಟಗಳನ್ನು ನೋಡುತ್ತಿದ್ದೆ. ಅವರು ಹೇಳಿದ್ದು ಸರಿಯಾಗಿತ್ತು. ಅದೇ ಕಷ್ಟ. ತಪ್ಪಾಗಿದ್ದರೆ ಒಳಗೆ ಹೋಗಿ ಅತ್ತುಬಿಡಬಹುದಿತ್ತು.

"ಅತ್ತೆ, ನಾನು ಅವ್ವನ ಹತ್ರಾನೇ ಇರ್ತೀನಿ" ಎಂದಳು ಶೋಭಾ.

"ಅವ್ವನ ಹತ್ರ ಇರಾಕೆ ನನ್ನ ಅಡ್ಡಿ ಏನೈತಮ್ಮ? ಗುಂಡಿ ಹತ್ರ ಇರಾಕೆ ಅಡ್ಡಿ" ಎಂದು ಅವರು ನಕ್ಕು, ನನ್ನ ಕಡೆ ತಿರುಗಿದರು. "ಒಂಬತ್ತು ತುಂಬೋದ್ರೊಳಗೆ ಇದೊಂದು ಸರಿ ಮಾಡಿಸ್ರಿ. ನಾನೇ ಕರ್ಕಂಡು ಬಂದು ಬಿಟ್ಟು ಹೋಗ್ತೀನಿ. ಆಗಲಿಲ್ಲಂದ್ರೆ ನೀವೇ ನಮ್ಮನಿಗೆ ಬಂದು ಮಗಳ ಬಾಣಂತನ ಮಾಡ್ರಿ. ಅದೂ ನಿಮ್ಮನೀನೇ."

ಶೋಭಾ ಮಡಿಲು ತುಂಬಿದ ಅಕ್ಕಿಯನ್ನೂ ಕಟ್ಟಿಕೊಂಡು ಅವರೊಂದಿಗೆ ವಾಪಸು ಹೋದಳು. ಬೀಗರ ಮನೆಯಲ್ಲಿ ಹೋಗಿ ಬಾಣಂತನ ಮಾಡುವುದೆಂದರೆ ನನ್ನಂಥವಳಿಗೆ ಏನೆಂದು ನಿಮಗೆ ತಿಳಿಯದು. ಇನ್ನೊಬ್ಬರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಲಾಗದೆ ನಾನು ಮೂರು ತಿಂಗಳು ಸಪ್ಪೆ ಸಾರೇ ಮಾಡುತ್ತಿದ್ದೆನೇನೋ. ಅದಿರಲಿ. ತಂದೆ ಇಲ್ಲದ ಮಗಳು ಅವಳು. ಚೊಚ್ಚಲಿಗೆ ತವರೂ ಇಲ್ಲವೆಂದಾದರೆ ಅವಳಿಗೆ ಉಳಿಯುವುದೇನು?

ಮಂಜು ಸವಳಂಗದಿಂದ ಗಾರೆ ಕೆಲಸದ ಹನುಮಂತಪ್ಪನನ್ನು ಕರೆತಂದ. ಆತ ಹಿತ್ತಿಲೆಲ್ಲ ಸುತ್ತಿ, ಗುಂಡಿಗೆ ಕಡ್ಡಿ ಇಳಿಸಿ ಎತ್ತಿ, "ಈಗೇನೂ ಆಗಾಕಿಲ್ಲ ಮಂಜಣ್ಣ. ಚಾನಲ್ ನಿಲ್ಲಲಿ. ಬ್ಯಾಸಿಗ್ಯಾಗೆ ಬಂದು ಇನ್ನೆರಡು ರಿಂಗ್ ಇಳಿಸಾಣ" ಎಂದ.

"ಬ್ಯಾಸಿಗೆಗೆ ಕೂಸು ಅಂಬೆಗಾಲು ಹಾಕ್ತೈತೆ" ಎಂದ ಮಂಜು.

ನಾನು ಚಹಾ ತಂದಿದ್ದೆ. ಅಲ್ಲಿ ನಿಂತು ಹೇಳಿದೆ. ಯಾರಿಗೂ ಕೇಳಿಸಲಿಲ್ಲ. ಲೋಟಗಳಿಗೆ ಹೇಳಿದಂತಾಯಿತು. ಇನ್ನೊಮ್ಮೆ ಹೇಳಿದೆ.

"ಏನವ್ವಾ?" ಎಂದ ಮಂಜು.

"ಮ್ಯಾಲೆ ಕಟ್ಟಿದ್ರೆ ಹೆಂಗೆ?"

ಹನುಮಂತಪ್ಪ ನಕ್ಕ. "ಅವ್ವಾರೆ, ನೀರು ಎಲ್ಲಾರ ಮ್ಯಾಲೆ ಹತ್ತುತ್ತೇನ್ರಿ?"

"ನೀರು ಹತ್ತೋದು ಬ್ಯಾಡಪ್ಪ. ನಾವು ಹತ್ತಾಣ" ಎಂದೆ.

ಅವನು ಲೋಟ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದ. ಒಮ್ಮೆ ಬೀಗ ತೆರೆದ ಮೇಲೆ ಒಳಗಿದ್ದದ್ದೆಲ್ಲ ಹೊರಗೆ ಬಂತು. ಜಗಳೂರಿನ ಬಂಡೆ, ಅಪ್ಪನ ಪೆಟ್ಟಿಗೆ, ಐದು ಮೆಟ್ಟಿಲು, ಬೂದಿ, ನುಗ್ಗೆಮರ, ಗೌರತ್ತೆಯ ಹಗ್ಗ. ಸೆರಗಿನ ತುದಿಯನ್ನು ಹಿಂಡುತ್ತ ಹೇಳಿದೆ. ಹೇಳಿ ಮುಗಿಸುವಾಗ ಸೆರಗು ಹಗ್ಗದಂತಾಗಿತ್ತು. ಮಂಜು ನನ್ನನ್ನೇ ನೋಡಿದ. "ಇಷ್ಟು ವರ್ಷ ಯಾಕೆ ಹೇಳಿಲ್ಲವ್ವಾ? ನನ್ನ ಎಮ್ಮೆ ಏಳೋ ಮುಂಚೆನಾದ್ರೂ ಹೇಳಬಾರದಿತ್ತಾ?"

ಹನುಮಂತಪ್ಪನ ಕೈಯ ಲೋಟ ತೆಗೆದುಕೊಂಡು ಇನ್ನಷ್ಟು ಚಹಾ ತರಲು ಒಳಗೆ ಹೋದೆ.

ಅಪ್ಪನದು ನೀರಿಲ್ಲದ ಊರಿನ ಒಣ ಪಾಯಿಖಾನೆ. ನಮಗೆ ನೀರು ಹಾಕುವಂಥದ್ದೇ ಬೇಕಿತ್ತು. ಮಂಜು ನ್ಯಾಮತಿಯಲ್ಲಿ ತನಗೆ ಪರಿಚಯದ ಒಬ್ಬ ಇಂಜಿನಿಯರ್ ಹುಡುಗಿಯನ್ನು ಬೈಕಿನಲ್ಲಿ ಕರೆತಂದ. ಆಕೆ ಹಿತ್ತಿಲಲ್ಲಿ ಒಂದು ಸಣ್ಣ ಕುಳಿ ತೋಡಿಸಿ, ಅದಕ್ಕೆ ನೀರು ಬಂದು ನಿಲ್ಲುವುದನ್ನು ಕೂತು ನೋಡಿದಳು. ನೆಲದ ಗುಣ ನೋಡಬೇಕಾದ್ದು ಇಂಥ ದಿನಗಳಲ್ಲೇ ಎಂದಳು. "ಅಮ್ಮ ಹೇಳಿದ್ದೇ ಸರಿ. ಮೇಲೇ ಕಟ್ಟಬೇಕು" ಎಂದು ಹನುಮಂತಪ್ಪನಿಗೆ ಹಾಳೆಯ ಮೇಲೆ ಬರೆದು ತೋರಿಸಿದಳು. ನಾನು ಒಳಗೆ ಹೋಗಿ, ಕಾರಣವಿಲ್ಲದೆ, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದೆ.

ಅವಳು ಬರೆದದ್ದು ಹೀಗೆ. ನೆಲದ ಮೇಲೆಯೇ ಇಟ್ಟಿಗೆಯ ತೊಟ್ಟಿ, ಒಳಗೆ ಮೂರು ಕೋಣೆ, ಒಳಗೂ ಹೊರಗೂ ಹನಿ ಸೋರದಂತೆ ಗಿಲಾವು. ಇಟ್ಟಿಗೆಯದಾದ್ದರಿಂದ ಭಾರ, ಎಮ್ಮೆಯಂತೆ ಏಳುವುದಿಲ್ಲ. ಅದರ ಮೇಲೆ ಪಾಯಿಖಾನೆಯ ಕೋಣೆ. ಗಟ್ಟಿಯದು ಮೊದಲ ಕೋಣೆಯಲ್ಲಿ ತಂಗಿ ಕೊಳೆಯುತ್ತದೆ. ನೀರು ಒಂದೊಂದೇ ಕೋಣೆ ದಾಟಿ ತಿಳಿಯಾಗುತ್ತ ಬಂದು, ಪೈಪಿನಲ್ಲಿ ಪಕ್ಕದ ದಿಬ್ಬಕ್ಕೆ ಇಳಿಯುತ್ತದೆ. ಆ ದಿಬ್ಬ ಮೊಣಕಾಲೆತ್ತರ, ಸುತ್ತ ಕಟ್ಟೆ, ತಳಕ್ಕೆ ಸಿಮೆಂಟು, ಒಳಗೆ ಜಲ್ಲಿ, ಮೇಲೆ ಮರಳು, ಮರಳಿನಲ್ಲಿ ಗಿಡ. ಆ ನೀರನ್ನು ಗಿಡ ಕುಡಿಯುತ್ತದೆ, ಉಳಿದದ್ದನ್ನು ಬಿಸಿಲು ಕುಡಿಯುತ್ತದೆ. ಸ್ನಾನದ ನೀರಿಗೆ ಬೇರೆ ಹಾದಿ. ಫಿನಾಯಿಲ್ ಮಾತ್ರ ಸುರಿಯಬಾರದು, ಒಳಗೆ ಕೊಳೆಸುವ ಹುಳುಗಳು ಸಾಯುತ್ತವೆ ಎಂದಳು.

"ಬಾಣಂತಿ ಐದು ಮೆಟ್ಟಿಲು ಹತ್ತಬೇಕಲ್ಲ" ಎಂದ ಹನುಮಂತಪ್ಪ. ಅವನಿಗೀಗ ಕೆಲಸದಲ್ಲಿ ಮನಸ್ಸು ಬಂದಿತ್ತು. ಅವನೇ ಉಪಾಯವನ್ನೂ ಹೇಳಿದ. ಜಗುಲಿಯೇ ಸೊಂಟದೆತ್ತರ ಇದೆಯಲ್ಲ, ಅಲ್ಲಿಂದ ಪಾಯಿಖಾನೆಯ ಬಾಗಿಲಿಗೆ ನೇರವಾಗಿ ಚಪ್ಪಡಿಯ ಸೇತುವೆ ಹಾಕಿದರೆ ಮೆಟ್ಟಿಲೇ ಬೇಡ, ಒಂದು ಗೇಣಿನ ಇಳಿಜಾರು ಸಾಕು. ಮಳೆ ಬಂದಾಗ ತಾಡಪಾಲು ಮುಚ್ಚಿ, ಬಿಟ್ಟಾಗ ತೆಗೆದು, ಒಂದು ತಿಂಗಳಲ್ಲಿ ಮುಗಿಸಿದ. ಊರವರು ಬಂದು ಬಂದು ನೋಡಿದರು. "ಏನವ್ವಾ, ಅಟ್ಟ ಕಟ್ಟಿಸ್ತಿದೀಯಂತೆ" ಎಂದಳು ರುದ್ರಮ್ಮ. ನಲವತ್ತು ವರ್ಷದ ಹಿಂದಿನ ಮಾತು ಇವಳ ಬಾಯಿಗೆ ಹೇಗೆ ಬಂತೋ. "ಹೂಂ, ಅಟ್ಟನೇ. ನಮ್ಮಪ್ಪನೂ ಕಟ್ಟಿದ್ದ" ಎಂದೆ. ಹೇಳಿದ ಮೇಲೆ ನೋಡಿದರೆ ಏನೂ ಆಗಿರಲಿಲ್ಲ. ಅವಳು ಬೇಲಿಯ ಅವರೆಕಾಯಿ ಕೊಯ್ದುಕೊಂಡು ಹೋದಳು.

ಗಿಲಾವು ಒಣಗಿದ ದಿನ ಮಂಜುವಿಗೆ ಹೇಳಿ ನೀಲಿ ಹಗ್ಗ ತರಿಸಿ, ಜಗುಲಿಯ ಕಂಬದಿಂದ ಬಾಗಿಲವರೆಗೆ ನಾನೇ ಕಟ್ಟಿದೆ.

ವಿಜಯದಶಮಿ ಕಳೆದು ನಾಲ್ಕು ದಿನಕ್ಕೆ ಶಿವಗಂಗಮ್ಮನವರು ಬಂದರು. ಬಾಡಿಗೆ ಕಾರಿನಲ್ಲಿ ಶೋಭಾಳೂ ಇದ್ದಳು. ಅವಳು ಇಳಿದು ಬಂದು ಜಗುಲಿಯ ಮೇಲೆ ಕೂತಳು. ಅವಳ ಬ್ಯಾಗು ಇಳಿಯಲಿಲ್ಲ. ಡ್ರೈವರ್ ಡಿಕ್ಕಿ ತೆರೆಯಲು ಹೋದರೆ ಶಿವಗಂಗಮ್ಮ "ಇರಪ್ಪಾ, ತಡಿ" ಎಂದದ್ದು ನನಗೆ ಒಳಗೆ ಕೇಳಿಸಿತು. ನಾಲೆ ಆಗ ತುಂಬಿ ಹರಿಯುತ್ತಿತ್ತು. ಗದ್ದೆಯಲ್ಲಿ ನೀರು ಹೊಳೆಯುತ್ತಿತ್ತು. ಹಳೆಯ ರಿಂಗ್ ಗುಂಡಿಯ ಬಾಯವರೆಗೂ ನೀರಿತ್ತು.

ಅವರು ಹಿತ್ತಿಲಿಗೆ ಹೋಗಿ ದಿಬ್ಬವನ್ನು ನೋಡಿದರು. ಹಗ್ಗ ಹಿಡಿದು ಸೇತುವೆ ದಾಟಿ, ಬಾಗಿಲು ಹಾಕಿಕೊಂಡರು. ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಸಾರಿನ ಸೌಟು ಹಿಡಿದು ನಿಂತೆ. ಬೀಗಿತ್ತಿ ಪಾಯಿಖಾನೆಗೆ ಹೋದಾಗ ಕಿವಿಗೊಟ್ಟು ನಿಲ್ಲುವುದು ಯಾವ ಮರ್ಯಾದೆ ಎಂದು ಯಾರಾದರೂ ಕೇಳಬಹುದು. ಗೌರತ್ತೆ ಇದ್ದಿದ್ದರೆ ಸದ್ದಿನಿಂದಲೇ ಎಲ್ಲ ಹೇಳಿಬಿಡುತ್ತಿದ್ದಳು. ನಾನು ಅವಳ ಕಿವಿಯನ್ನು ಬೇಡಿಕೊಂಡೆ. ಮೊದಲ ಚಂಬಿನ ನೀರು ಸುರಿದ ಸದ್ದು. ಆಮೇಲೆ ಬಕೆಟ್ ಎಳೆದ ಸದ್ದು. ಒಂದು ಬಕೆಟ್ ನೀರು ಒಟ್ಟಿಗೆ ಸುರಿದರು. ಸುಮ್ಮನಾಯಿತು. ಆಮೇಲೆ ಕೆಳಗೆ ಎಲ್ಲೋ ಗುಳುಗುಳು ಎಂದು, ದೊಡ್ಡದೊಂದು ಹಸು ನೀರು ಕುಡಿದಂತೆ, ಸದ್ದಾಯಿತು.

ಬಾಗಿಲು ತೆರೆಯಿತು. ಅವರು ಸೀರೆಯನ್ನು ಎತ್ತಿ ಹಿಡಿದಿರಲಿಲ್ಲ. ಸೇತುವೆಯ ಮೇಲೆ ನಿಂತು, ಬೀದಿಯ ಕಡೆ ಮುಖ ಮಾಡಿ ಡ್ರೈವರಿಗೆ ಕೂಗಿದರು.

"ಬ್ಯಾಗ್ ಇಳಿಸಪ್ಪಾ."

ನಾನು ಸೌಟು ಇಟ್ಟು, ಹಂಡೆಯಿಂದ ಒಂದು ಚಂಬು ನೀರು ತೆಗೆದು ನಿಂತಲ್ಲೇ ಕುಡಿದೆ. ಇನ್ನೊಂದು ಚಂಬು ಕುಡಿದೆ. ಕುತ್ತಿಗೆ, ರವಿಕೆ ನೆನೆಯಿತು. ನಾಲೆ ಇರುವ ತಿಂಗಳಲ್ಲಿ ನಾನು ಹೊಟ್ಟೆ ತುಂಬ ನೀರು ಕುಡಿದದ್ದು ಅವತ್ತೇ. ಶೋಭಾ ಒಳಗೆ ಬಂದು, "ಅವ್ವಾ, ಅಳ್ತಿದೀಯಾ?" ಎಂದಳು. "ಇಲ್ಲ, ನೀರು ಕುಡಿದೆ" ಎಂದೆ. ಎರಡೂ ನಿಜವಾಗಿತ್ತು.

ದೀಪಾವಳಿಗೆ ಮೂರು ದಿನವಿರುವಾಗ ಹೊನ್ನಾಳಿಯ ಆಸ್ಪತ್ರೆಯಲ್ಲಿ ನೀನು ಹುಟ್ಟಿದೆ. ಮೂರು ತಿಂಗಳು ಇಲ್ಲೇ ಇದ್ದಿರಿ. ಒಬ್ಬರಿಗೂ ಭೇದಿಯಾಗಲಿಲ್ಲ. ನಿನ್ನ ತಾಯಿ ಎದ್ದು ಓಡಾಡುವಷ್ಟಾದ ಮೇಲೆ ಆ ಹಗ್ಗ ಹಿಡಿದೇ ನಡೆದಳು. ಮರುವರ್ಷ ದಸರೆಗೆ ಬಂದಾಗ ನೀನು ಸೇತುವೆಯ ಮೇಲೆ ಎದ್ದು ನಿಂತೆ. ಹಗ್ಗ ಎಟುಕದೆ, ಅದರಿಂದ ಇಳಿಬಿದ್ದಿದ್ದ ತುದಿಯನ್ನು ಹಿಡಿದು ಮೂರು ಹೆಜ್ಜೆ ಇಟ್ಟೆ. ಅದು ನಿನ್ನ ಮೊದಲ ಹೆಜ್ಜೆ. ಎಲ್ಲಿಟ್ಟಳು ಎಂದು ಯಾರಾದರೂ ಕೇಳಿದರೆ ನಿಮ್ಮಮ್ಮ "ತವರುಮನೆ ಜಗುಲಿ ಮೇಲೆ" ಎನ್ನುತ್ತಾಳೆ. ಅಷ್ಟು ಸುಳ್ಳನ್ನು ಅವಳು ನನ್ನಿಂದ ಪಡೆದುಕೊಂಡಿದ್ದಾಳೆ.

ದಿಬ್ಬದ ತುಂಬ ಕಾಬಾಳೆ ಹಬ್ಬಿದೆ, ನೀವು ನೋಡಿದ್ದೀರಿ. ಬಾಳೆಯಂಥ ಎಲೆ, ಕೆಂಪು ಹೂ. ಇಷ್ಟು ಹೂ ಬಿಟ್ಟರೂ ಅಜ್ಜಿ ದೇವರಿಗೆ ಏರಿಸುವುದಿಲ್ಲ ಯಾಕೆ ಎಂದು ಸ್ಫೂರ್ತಿ ಕೇಳಿದ್ದಳು. ಮನಸ್ಸು ಒಪ್ಪುವುದಿಲ್ಲ ಮಗಳೇ, ಅಷ್ಟು ಮುಂದೆ ಹೋಗಿಲ್ಲ ನಾನು. ಆದರೆ ವರ್ಷಕ್ಕೊಂದು ಸಲ, ನಿಮ್ಮಜ್ಜನ ತಿಥಿಯ ದಿನ, ಯಾರೂ ನೋಡದಾಗ ಒಂದು ಹೂ ಕೊಯ್ದು ಅವರ ಫೋಟೋದ ಮೇಲಂಚಿಗೆ ಸಿಕ್ಕಿಸುತ್ತೇನೆ. ಗೋಪುರಕ್ಕೊಂದು ಕಳಸ ಬೇಕೆಂದವರು ಅವರೇ ಅಲ್ಲವೇ.

ಇನ್ನು ಹಗ್ಗದ ಮಾತು. ಅದನ್ನು ಯಾರೂ ಹಿಡಿಯುವುದಿಲ್ಲ ಎಂದೆಯಲ್ಲ ಚಿನ್ಮಯಿ. ನೀವು ಏಳುವ ಮೊದಲೇ ನಾನು ಎದ್ದಿರುತ್ತೇನೆ. ಈಗ ಎಡಮೊಣಕಾಲು ಬೆಳಿಗ್ಗೆ ಬೇಗ ಮಾತು ಕೇಳುವುದಿಲ್ಲ, ಬಲಗಣ್ಣಿಗೆ ಪೊರೆ ಬಂದು ಸೇತುವೆಯ ಅಂಚು ಸರಿಯಾಗಿ ಕಾಣುವುದಿಲ್ಲ. ನಾನದನ್ನು ಯಾರಿಗೂ ಹೇಳಿಲ್ಲ. ಹಗ್ಗ ಹಿಡಿದು ಒಬ್ಬಳೇ ಹೋಗಿ ಒಬ್ಬಳೇ ಬರುತ್ತೇನೆ.

ಟವೆಲು ಹರವಲು ಬೇರೆ ಹಗ್ಗ ತರಿಸಿದ್ದೇನೆ. ಅಡುಗೆಮನೆಯ ಕಿಟಕಿಯಲ್ಲಿದೆ.